ತಾಯಿಗಿಂತ ಹಿರಿಯಳಾದ ಮಗಳು: ಗೋಳಗುಚ್ಛಗಳ ವಯಸ್ಸಿನ ಒಗಟು

ಮೇ ತಿಂಗಳ ಮಧ್ಯದಲ್ಲಿ, ರಾತ್ರಿ ಹತ್ತರ ವೇಳೆಗೆ, ನಗರದ ದೀಪಗಳಿಂದ ದೂರ ಸರಿದು ದಕ್ಷಿಣಕ್ಕೆ ಮುಖಮಾಡಿ ನಿಂತರೆ ಮಸುಕಾದ ಚುಕ್ಕೆಯೊಂದು ಕರ್ನಾಟಕದಿಂದ ಬರಿಗಣ್ಣಿಗೇ ಕಾಣಿಸುತ್ತದೆ. ಅದು ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರದ ಒಮೇಗಾ ಸೆಂಟಾರಿ. ಪರಸ್ಪರ ಗುರುತ್ವದಿಂದ ಉಂಡೆಗಟ್ಟಿದ ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು. ಇಂತಹ 150ಕ್ಕೂ ಹೆಚ್ಚು ಗೋಳಗುಚ್ಛಗಳು ನಮ್ಮ ಆಕಾಶಗಂಗೆಯಲ್ಲಿವೆ.

ಒಂದು ಗುಚ್ಛದ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಜನಿಸಿದಂಥವು. (ಒಮೇಗಾ ಸೆಂಟಾರಿ ಇದಕ್ಕೆ ಅಪವಾದ, ಆಕಾಶಗಂಗೆ ನುಂಗಿದ ಪುಟ್ಟ ಗೆಲಾಕ್ಸಿಯೊಂದರ ತಿರುಳು ಅದಿರಬಹುದೆಂಬುದು ಹಲವು ಖಗೋಳಜ್ಞರ ಅಭಿಪ್ರಾಯ.) ಭಾರಿ ನಕ್ಷತ್ರ ತನ್ನ ಜಲಜನಕವನ್ನು ದುಂದುಗಾರನಂತೆ ಬೇಗ ವ್ಯಯಿಸುತ್ತದೆ, ಹಗುರ ನಕ್ಷತ್ರ ಮಿತವ್ಯಯಿ. ಆದ್ದರಿಂದ ಎಷ್ಟು ಭಾರದ ನಕ್ಷತ್ರಗಳವರೆಗೆ ಇಂಧನ ತೀರಿದೆಯೆಂದು ಗುರುತಿಸಿದರೆ ಇಡೀ ಗುಚ್ಛದ ವಯಸ್ಸು ದೊರೆಯುತ್ತದೆ. ಸೂರ್ಯನಂಥ ನಕ್ಷತ್ರದ ಇಂಧನ ಸುಮಾರು ಸಾವಿರ ಕೋಟಿ ವರ್ಷಕ್ಕೆ ಸಾಕಾಗುತ್ತದೆ. ಹಳೆಯ ಗೋಳಗುಚ್ಛಗಳಲ್ಲಿ ಅಷ್ಟು ಭಾರದ ನಕ್ಷತ್ರಗಳ ಇಂಧನವೂ ಮುಗಿದುಹೋಗಿದೆ.

1990ರ ದಶಕದಲ್ಲಿ ಈ ಲೆಕ್ಕವೇ ವಿಜ್ಞಾನಿಗಳನ್ನು ಪೇಚಿಗೆ ಸಿಲುಕಿಸಿತು. ಹಳೆಯ ಗುಚ್ಛಗಳ ವಯಸ್ಸು ಸುಮಾರು 1,500 ಕೋಟಿ ವರ್ಷವೆಂದು ಅಂದಾಜಾಗಿತ್ತು. ಆದರೆ ಹಬಲ್ ದೂರದರ್ಶಕದ ಅಳತೆಗಳನ್ನು ಆಧರಿಸಿ 1994ರಲ್ಲಿ ಪ್ರಕಟವಾದ ಲೆಕ್ಕದಂತೆ ವಿಶ್ವದ ವಯಸ್ಸೇ 800ರಿಂದ 1,200 ಕೋಟಿ ವರ್ಷ! ತಾಯಿಗಿಂತ ಮಗಳು ಹಿರಿಯಳಾಗುವುದುಂಟೆ? ಮಹಾಸ್ಫೋಟ ಸಿದ್ಧಾಂತದ ಬುಡವೇ ಅಲುಗಾಡುವಂತೆ ತೋರಿತು.

ಎಡವಿದ್ದು ಎರಡೂ ಕಡೆ. ಹಿಪಾರ್ಕಸ್ ಉಪಗ್ರಹದ ದತ್ತಾಂಶ 1997ರಲ್ಲಿ ಪ್ರಕಟವಾದಾಗ, ಗುಚ್ಛಗಳು ಎಣಿಸಿದ್ದಕ್ಕಿಂತ ದೂರದಲ್ಲಿರುವ ಸೂಚನೆ ದೊರೆಯಿತು. ದೂರ ಹೆಚ್ಚಿದರೆ ನಕ್ಷತ್ರಗಳ ನಿಜವಾದ ಪ್ರಕಾಶವೂ ಹೆಚ್ಚು; ಪ್ರಕಾಶ ಹೆಚ್ಚಿದಷ್ಟೂ ಇಂಧನ ಬೇಗ ತೀರುವುದರಿಂದ ಲೆಕ್ಕಕ್ಕೆ ಸಿಗುವ ವಯಸ್ಸು ಕಡಿಮೆ. ಮರುವರ್ಷವೇ ಇನ್ನೊಂದು ಅಚ್ಚರಿ ಕಾದಿತ್ತು. ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ವೇಗ ಪಡೆಯುತ್ತಿದೆ ಎಂಬುದನ್ನು ಎರಡು ತಂಡಗಳು ದೂರದ ಸೂಪರ್‌ನೋವಾಗಳ ಮೂಲಕ ಕಂಡುಕೊಂಡವು. ಹಿಂದೆ ಹಿಗ್ಗುವಿಕೆ ಎಣಿಸಿದಷ್ಟು ವೇಗವಾಗಿರಲಿಲ್ಲವೆಂದರೆ, ಈಗಿನ ಗಾತ್ರಕ್ಕೆ ಬರಲು ವಿಶ್ವಕ್ಕೆ ಹೆಚ್ಚು ಕಾಲ ಹಿಡಿದಿರಬೇಕು. ಈಗ ಒಪ್ಪಿತವಾಗಿರುವಂತೆ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ, ಹಳೆಯ ಗುಚ್ಛಗಳದ್ದು 1,200ರಿಂದ 1,300 ಕೋಟಿ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ವಿಶ್ವ ಹಿಗ್ಗುವ ವೇಗವನ್ನು ಅಳೆಯುವ ಎರಡು ವಿಧಾನಗಳು ಈಗ ಬೇರೆ ಬೇರೆ ಉತ್ತರ ನೀಡುತ್ತಿವೆ: ಒಂದು 67, ಇನ್ನೊಂದು 73. ವೇಗ ಹೆಚ್ಚೆಂದರೆ ವಿಶ್ವದ ವಯಸ್ಸು ಮತ್ತೆ ತಗ್ಗಬೇಕಾಗುತ್ತದೆ. ಎಷ್ಟು ತಗ್ಗಬಹುದೆಂಬ ಮಿತಿ ಹೇಳಲು ಗೋಳಗುಚ್ಛಗಳು ಇನ್ನೊಮ್ಮೆ ಸಾಕ್ಷಿಕಟ್ಟೆ ಏರಿವೆ.