ಎರಡು ಬಾರಿ ಬಂದ ಒಂದೂವರೆ ಗಂಟೆ



2024ರ ನವೆಂಬರ್ 3ರ ನಡುರಾತ್ರಿ ಕಳೆದು ಒಂದೂವರೆ ಗಂಟೆಗೆ ನ್ಯೂಜೆರ್ಸಿಯಲ್ಲಿ ಒಂದು ಮಗು ಜನಿಸಿತೆಂದು ಭಾವಿಸೋಣ. ಜಾತಕ ಬರೆಸಲು ಮೈಸೂರಿನ ಅಜ್ಜಿ ಜನನಕಾಲವನ್ನು ಕೇಳುತ್ತಾರೆ. ಅಂದು ಬೇಸಿಗೆ ಕಾಲಮಾನ ಮುಗಿದು, ಎರಡು ಗಂಟೆಗೆ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿದುದರಿಂದ, ಒಂದೂವರೆ ಎರಡು ಬಾರಿ ಬಂದಿತು. ಮೊದಲನೆಯದು ಭಾರತದಲ್ಲಿ ಬೆಳಗಿನ 11 ಗಂಟೆ. ಎರಡನೆಯದು ಮಧ್ಯಾಹ್ನದ 12. ಅಷ್ಟರಲ್ಲಿ ಲಗ್ನವೇ ಬದಲಾಗಬಹುದು.

ಡೇಟಾಬೇಸಿನಲ್ಲಿ ಕಾಲವಲಯದ ಉಲ್ಲೇಖವಿಲ್ಲದೆ ಬರಿದೆ 01:30 ಎಂದು ದಾಖಲಾಗಿದ್ದರೆ, ಯಾವ ಎಸ್‌ಕ್ಯೂಎಲ್ ಆಜ್ಞೆಯೂ ನಿಜವನ್ನು ಮರಳಿ ತರಲಾರದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಅದನ್ನು ನ್ಯೂಯಾರ್ಕ್ ವಲಯದ ಸಮಯವೆಂದು ಪರಿವರ್ತಿಸುವಾಗ, ದೋಷವನ್ನೇನೂ ಸೂಚಿಸದೆ ಎರಡನೆಯ ಒಂದೂವರೆಯನ್ನೇ ಆರಿಸಿಕೊಳ್ಳುತ್ತದೆ.

ಆದುದರಿಂದ ನಡೆದುಹೋದ ಘಟನೆಯ ಕ್ಷಣವನ್ನು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ದಾಖಲಿಸಿ, ಪಕ್ಕದಲ್ಲೇ ವಲಯದ ಹೆಸರನ್ನೂ ಇಡಬೇಕು. 'ಐದು ಗಂಟೆ ಹಿಂದೆ' ಎಂಬ ಅಂತರವೊಂದೇ ಸಾಲದು. ಬೇಸಿಗೆಯಲ್ಲಿ ಅದು ನಾಲ್ಕಾಗುತ್ತದೆ. ಮುಂದೆ ನಡೆಯಲಿರುವ ಸಭೆಗಳಿಗಾದರೆ ಸ್ಥಳೀಯ ಸಮಯವನ್ನೂ ವಲಯದ ಹೆಸರನ್ನೂ ಉಳಿಸುವುದು ಲೇಸು. ಏಕೆಂದರೆ ಸರ್ಕಾರಗಳು ನಿಯಮಗಳನ್ನು ತಿದ್ದುತ್ತವೆ. ಅಮೆರಿಕದಲ್ಲಿ 2007ರಲ್ಲಿ ಹಾಗೆಯೇ ಆಯಿತು.

ವರ್ಷವಿಡೀ ಒಂದೇ ಕಾಲಮಾನದಲ್ಲಿ ಬೆಳೆದು ಬಂದ ನಾವು ಈ ಎಚ್ಚರವನ್ನು ಇಲ್ಲಿ ಕಲಿಯಬೇಕಾಗಿದೆ. ಅಂತಹ ರಾತ್ರಿ ನಿಮ್ಮ ಮನೆಯಲ್ಲಿ ಮಗು ಹುಟ್ಟಿದರೆ, ಭಾರತದ ಸಮಯವನ್ನೂ ಆಗಲೇ ಬರೆದಿಡಿ.