ತಬಲಾ ನುಡಿಸುತ್ತಲೇ ಹಾಡಿದ ರಾಕ್

1990ರಲ್ಲಿ ದೆಹಲಿಯ ಗಿಟಾರ್ ವಾದಕ ಸುಸ್ಮಿತ್ ಸೇನ್ ತಮ್ಮ ಬ್ಯಾಂಡಿನ ಮೊದಲ ಧ್ವನಿಮುದ್ರಣಕ್ಕೆ ಹಣ ಹೊಂದಿಸಲು ಎಲೆಕ್ಟ್ರಿಕ್ ಗಿಟಾರನ್ನೇ ಮಾರಬೇಕಾಯಿತು. ‘ಇಂಡಿಯನ್ ಓಷನ್’ ಎಂಬ ಆ ಬ್ಯಾಂಡಿಗೆ ಮುಂದೆ ಗುರುತು ತಂದುಕೊಟ್ಟದ್ದು ಅವರ ಅಕೂಸ್ಟಿಕ್ ಗಿಟಾರ್.

ರಾಕ್ ಎಂದರೆ ಲೀಡ್ ಗಿಟಾರಿನ ಅಬ್ಬರ ಎಂದುಕೊಂಡವರಿಗೆ ಇಲ್ಲಿನ ಏರ್ಪಾಡೇ ಬೇರೆ. ವಿದ್ಯುತ್ತು ಹರಿಯುವುದು ರಾಹುಲ್ ರಾಮ್ ಅವರ ಬೇಸ್ ಗಿಟಾರಿನಲ್ಲಿ. ಅದು ತಾಳಕ್ಕೆ ಆಸರೆಯಾಗಿ ನಿಂತುಬಿಡದೆ ಆಗಾಗ ರಾಗವನ್ನೂ ಎತ್ತಿಕೊಳ್ಳುತ್ತದೆ. ಅಮಿತ್ ಕಿಲಮ್ ಡ್ರಮ್ಸ್ ಬಿಟ್ಟು ನಡುನಡುವೆ ಹಿಡಿಯುವ ಗಬ್‌ಗುಬಿ ಬಂಗಾಳದ ಬಾವುಲರ ವಾದ್ಯ. ನಮ್ಮ ಎಲ್ಲಮ್ಮನ ಭಕ್ತರ ಚೌಡಿಕೆಯ ಜಾತಿಯದು. ಇವರ ನಡುವೆ ಅಶೀಮ್ ಚಕ್ರವರ್ತಿ ಚಕ್ಕಳಮಕ್ಕಳ ಹಾಕಿ ಕೂತು ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ಫ್ಯೂಷನ್ ಹೆಸರಿನ ಎಷ್ಟೋ ಸಂಗೀತದಲ್ಲಿ ತಬಲಾ ಅಲಂಕಾರಕ್ಕೆ ಬಂದು ಹೋಗುತ್ತದೆ. ಇಲ್ಲಿ ಹಾಡಿನ ಉಸಿರೂ ತಬಲಾದ ಪೆಟ್ಟೂ ಒಬ್ಬನೇ ಮನುಷ್ಯನವು. ಈ ಬೆಸುಗೆ ಎಲ್ಲೂ ಬಿಟ್ಟುಕೊಳ್ಳದಿರಲು ಮುಖ್ಯ ಕಾರಣ ಇದೇ ಎಂಬುದು ನನ್ನ ನಂಬಿಕೆ.

ಹಾಡುಗಳನ್ನು ಇವರು ಹುಡುಕಿಕೊಂಡ ಜಾಗಗಳೂ ಅಷ್ಟೇ ದೂರದೂರ. 2000ದ ‘ಕಂದಿಸಾ’ ಆಲ್ಬಂನ ಶೀರ್ಷಿಕೆ ಗೀತೆ ಕೇರಳದ ಸಿರಿಯನ್ ಕ್ರೈಸ್ತರ ಪ್ರಾಚೀನ ಪ್ರಾರ್ಥನೆ. ಅದೇ ಆಲ್ಬಂನ ‘ಮಾ ರೇವಾ’ ನರ್ಮದೆಯ ದಡದ ಜನಪದ ಗೀತೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ರಾಹುಲ್ ರಾಮ್ ನರ್ಮದಾ ಬಚಾವೋ ಆಂದೋಲನದಲ್ಲಿ ದುಡಿದವರು. ಆ ಹಾಡು ಅವರಿಗೆ ದಕ್ಕಿದ್ದು ಆ ಕಣಿವೆಯ ಜನರಿಂದಲೇ.

2009ರ ಡಿಸೆಂಬರ್ 25ರಂದು ಅಶೀಮ್ ತೀರಿಕೊಂಡರು. ಮರುವರ್ಷ ಅವರ ದನಿಯಿರುವ ‘16/330 ಖಜೂರ್ ರೋಡ್’ ಆಲ್ಬಂ ಬಂತು. ಕರೋಲ್ ಬಾಗ್‌ನಲ್ಲಿ ಬ್ಯಾಂಡ್ ಅಭ್ಯಾಸ ಮಾಡುತ್ತಿದ್ದ ಹಳೆಯ ಬಂಗಲೆಯ ವಿಳಾಸವಿದು. ಸಂಗೀತ ಕಂಪನಿಗಳ ಹಂಗು ಬೇಡವೆಂದು ಏಳು ಹಾಡುಗಳನ್ನೂ ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟರು. ಸ್ವತಂತ್ರ ಬ್ಯಾಂಡ್ ಎಂಬ ಮಾತು ಇವರಿಗೆ ಸಲ್ಲುವುದು ಇಂಥ ಧೈರ್ಯಕ್ಕಾಗಿ.

ಸೇನ್ 2013ರಲ್ಲಿ ಹೊರನಡೆದರು. ಈಗ ಗಿಟಾರ್ ನಿಖಿಲ್ ರಾವ್ ಅವರದು. ಅಶೀಮ್ ಒಬ್ಬರೇ ಹೊತ್ತಿದ್ದ ಕೆಲಸವನ್ನು ಹಿಮಾಂಶು ಜೋಶಿ ಹಾಡುಗಾರಿಕೆಯಲ್ಲೂ ತುಹೀನ್ ಚಕ್ರವರ್ತಿ ತಬಲಾದಲ್ಲೂ ಹಂಚಿಕೊಂಡಿದ್ದಾರೆ.

ಹೊಸದಾಗಿ ಕೇಳುವವರು ‘ಡೆಸರ್ಟ್ ರೈನ್’ ಆಲ್ಬಂನಿಂದ ಶುರು ಮಾಡಲಿ. ರಂಗಕರ್ಮಿ ಸಫ್ದರ್ ಹಾಶ್ಮಿ ನೆನಪಿಗೆ 1997ರ ಜನವರಿ 1ರಂದು ದೆಹಲಿಯಲ್ಲಿ ನಡೆದ ಕಾರ್ಯಕ್ರಮದಲ್ಲಿ, ಜನರೆದುರು ನುಡಿಸುತ್ತಿದ್ದಾಗಲೇ ಮುದ್ರಿಸಿಕೊಂಡದ್ದು ಅದು. ಸಾಧ್ಯವಾದರೆ ಇಯರ್‌ಫೋನ್ ಹಾಕಿಕೊಂಡು, ಮೊದಲ ಸಲ ಬೇಸ್ ಗಿಟಾರಿನ ಹಿಂದೆಯೇ ಹೋಗಿ.