ಒಂದು ಡಿಸ್ಕು, ಎರಡು ವ್ಯವಸ್ಥೆಗಳು

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಒಂದೇ ಸರ್ವೆ ನಂಬರಿನ ಹೊಲವನ್ನು ಹಿಸ್ಸೆಗಳಾಗಿ ವಿಭಾಗಿಸುವುದನ್ನು ಪೋಷಕರು ಬಲ್ಲರು. ಕಂಪ್ಯೂಟರಿನ ಡಿಸ್ಕನ್ನೂ ಹಾಗೆಯೇ ವಿಭಾಗಿಸಿ, ಒಂದರಲ್ಲಿ ವಿಂಡೋಸನ್ನೂ ಮತ್ತೊಂದರಲ್ಲಿ ಲಿನಕ್ಸನ್ನೂ ಇರಿಸಬಹುದು. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳನ್ನು ಅದರ ಪಹಣಿಯೆನ್ನಬಹುದು: 446ರಲ್ಲಿ ಯಂತ್ರವನ್ನೆಬ್ಬಿಸುವ ಆಜ್ಞೆಗಳು, 64ರಲ್ಲಿ ನಾಲ್ಕು ಹಿಸ್ಸೆಗಳ ಎಲ್ಲೆಗಳು, ಉಳಿದೆರಡರಲ್ಲಿ ಗುರುತು. ಗ್ರಬ್ ಎಂಬ ಬೂಟ್ ಮ್ಯಾನೇಜರು ಈ ಆಜ್ಞೆಗಳಿಂದಾರಂಭಿಸಿ, ಯಾವ ವ್ಯವಸ್ಥೆ ಬೇಕೆಂದು ಪಟ್ಟಿಯೊಡ್ಡಿ ಕೇಳಿ, ಆರಿಸಿದುದಕ್ಕೆ ಯಂತ್ರವನ್ನೊಪ್ಪಿಸುವುದು.

ವ್ಯಾಜ್ಯ ಹುಟ್ಟುವುದು ಇಲ್ಲಿಯೇ. ವಿಂಡೋಸನ್ನು ತನ್ನ ಹಿಸ್ಸೆಯಲ್ಲಿಯೇ ಪುನಃ ಸ್ಥಾಪಿಸಿದರೂ ಅದು ನೆರೆಯವನ ಆಜ್ಞೆಗಳನ್ನಳಿಸಿ ತನ್ನವನ್ನು ಬರೆದುಬಿಡುವುದು. ಪಟ್ಟಿಯು ಮಾಯವಾಗುವುದು. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಆಗ ಗಾಬರಿಯಿಂದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಬೇಡಿರಿ. ಲಿನಕ್ಸಿನ ಹಿಸ್ಸೆಯೂ ಅದರೊಳಗಿನ ನಿಮ್ಮ ಬರಹಗಳೂ ಇದ್ದಲ್ಲಿಯೇ ಇರುವುವು. ಲಿನಕ್ಸುಳ್ಳ ಪೆನ್ ಡ್ರೈವಿನಿಂದ ಯಂತ್ರವನ್ನೆಬ್ಬಿಸಿ ಗ್ರಬ್ಬನ್ನು ಮರಳಿ ಸ್ಥಾಪಿಸತಕ್ಕದ್ದು. ಹೊಸ ಯಂತ್ರಗಳಲ್ಲಿ ಎಬ್ಬಿಸುವ ಕಡತಗಳಿಗೇ ಪ್ರತ್ಯೇಕ ಹಿಸ್ಸೆಯುಂಟಾದ್ದರಿಂದ ಈ ಜಗಳ ಕಡಿಮೆ.